ಸಣ್ಣ ಕಾಲೇಜಾ, ದೊಡ್ಡ ಯೂನಿವರ್ಸಿಟಿಯಾ? ಮೇ 1ರೊಳಗೆ ಹೇಳಬೇಕು

(ಕೊಡಗಿನವರ ಗುಂಪಿನ ಮಾತುಕತೆ. ಹೆಸರಿನ ಬದಲು ಅವರವರ ಊರು.)

ಪೊನ್ನಂಪೇಟೆ ಕಡೆಯವರು: ಮಗಳಿಗೆ ಇಲ್ಲಿ ಅಮೆರಿಕದಲ್ಲಿ ಬಯಾಲಜಿಗೆ ಎರಡು ಕಡೆ ಸೀಟಾಗಿದೆ. ಒಹಾಯೋದ ಸಣ್ಣ ಕಾಲೇಜು, ಒಟ್ಟು 1,800 ಮಕ್ಕಳು. ಇನ್ನೊಂದು ನಾವಿರುವ ರಾಜ್ಯದ ಸರ್ಕಾರಿ ಯೂನಿವರ್ಸಿಟಿ, 40,000 ಮಕ್ಕಳು. “ಬರೀ ಕಾಲೇಜಾ?” ಅಂತ ಊರಿಂದ ಅಜ್ಜಿ ಕೇಳ್ತಿದ್ದಾರೆ. ನಿದ್ದೆ ಬರ್ತಿಲ್ಲ.

ವಿರಾಜಪೇಟೆ: ಯೋಚನೆಯೇ ಬೇಡ, ದೊಡ್ಡದಕ್ಕೇ ಸೇರಿಸಿ. ಕೆಲಸ ಕೊಡೋರಿಗೆ ಹೆಸರು ಗೊತ್ತಿರಬೇಕು.

ಮಡಿಕೇರಿ: ಅಕ್ಕಾ, ಮೊದಲು ಅಜ್ಜಿಯ ಪ್ರಶ್ನೆ. ಊರಲ್ಲಿ ಪಾಠ ಕಾಲೇಜಿನದು, ಡಿಗ್ರಿ ಯೂನಿವರ್ಸಿಟಿಯದು. ನಿಮ್ಮ ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಓದಿದರೂ ಸರ್ಟಿಫಿಕೇಟ್ ಬರೋದು ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದಿಂದ. ಅಮೆರಿಕದಲ್ಲಿ ಇಂಥ ಕಾಲೇಜು ತಾನೇ ಡಿಗ್ರಿ ಕೊಡುತ್ತೆ. ಕಾಲೇಜುಗಳ ಗುಣಮಟ್ಟ ಪರೀಕ್ಷಿಸುವ ಹೈಯರ್ ಲರ್ನಿಂಗ್ ಕಮಿಷನ್‌ನ ಮಾನ್ಯತೆ ಇದೆಯಾ ನೋಡಿ, ಸಾಕು.

ಇನ್ನು ಕ್ಲಾಸು. ಕಾಲೇಜುಗಳು ತಮ್ಮ ಅಂಕಿಅಂಶ ಹಾಕುವ ‘ಕಾಮನ್ ಡೇಟಾ ಸೆಟ್’ ಎರಡೂ ಕಡೆಯದು ತೆಗೆದು, ಅದರಲ್ಲಿ ಐ-3 ಅನ್ನೋ ಕ್ಲಾಸ್ ಗಾತ್ರದ ಪಟ್ಟಿ ನೋಡಿ. ಆದರೆ ಅದು ಎಣಿಸೋದು ಕ್ಲಾಸುಗಳನ್ನ, ಮಕ್ಕಳನ್ನಲ್ಲ. 10 ಮಕ್ಕಳ ಒಂಬತ್ತು ಕ್ಲಾಸು, 300 ಮಕ್ಕಳ ಒಂದು ಕ್ಲಾಸು ಇದ್ದರೆ ‘ನೂರಕ್ಕೆ 90 ಸಣ್ಣ ಕ್ಲಾಸು’ ಅಂತ ಬರುತ್ತೆ. ಆದರೆ ಒಟ್ಟು 390 ಸೀಟಿನಲ್ಲಿ 300 ಆ ದೊಡ್ಡ ಹಾಲಿನಲ್ಲೇ. ಅದಕ್ಕೆ ರಿಜಿಸ್ಟ್ರಾರ್ ಪುಟದ ಕ್ಲಾಸ್ ಷೆಡ್ಯೂಲ್ ತೆಗೆದು ಮೊದಲ ವರ್ಷದ ಬಯಾಲಜಿ, ಕೆಮಿಸ್ಟ್ರಿ ಸೀಟು ನೀವೇ ಎಣಿಸಿ. ಸಣ್ಣ ಕಾಲೇಜಿನದಾದರೆ ಹಿಂದಿನ ನಾಲ್ಕು ಸೆಮಿಸ್ಟರ್ ನೋಡಿ: ಮೇಲಿನ ವರ್ಷಗಳ ಕೋರ್ಸು ಎರಡು ವರ್ಷಕ್ಕೊಮ್ಮೆ ಮಾತ್ರ ಬರೋದುಂಟು. ಅದನ್ನ ಕಲಿಸೋರು ಒಬ್ಬರೇ ಪ್ರೊಫೆಸರ್ ಆಗಿದ್ದು, ಅವರು ರಜೆ ಹೋದರೆ ಕೋರ್ಸೇ ಇಲ್ಲ.

ಸೋಮವಾರಪೇಟೆ: ಕಾಲೇಜು ಹಾಕಿರೋ ಪೂರ್ತಿ ಫೀಸು ನೋಡಿ ಹೆದರಬೇಡಿ. ಕಾಲೇಜು ಕಳಿಸೋ ಏಡ್ (ಹಣದ ನೆರವಿನ) ಪತ್ರದಲ್ಲಿರೋ ಸ್ಕಾಲರ್‌ಶಿಪ್, ತೀರಿಸಬೇಕಿಲ್ಲದ ಗ್ರಾಂಟ್ ಮಾತ್ರ ಅದರಿಂದ ಕಳೆಯಿರಿ. ಸಾಲ, ವರ್ಕ್-ಸ್ಟಡಿ (ಓದುತ್ತಾ ಕೆಲಸ ಮಾಡಿ ದುಡಿಯೋದು) ಎರಡನ್ನೂ ಅದೇ ಪಟ್ಟಿಗೆ ಸೇರಿಸಿರ್ತಾರೆ, ಅವು ರಿಯಾಯಿತಿಯಲ್ಲ. ಉಳಿದದ್ದನ್ನ ನಾಲ್ಕು ವರ್ಷಕ್ಕೆ ಗುಣಿಸಿ. ಸ್ಕಾಲರ್‌ಶಿಪ್ ಉಳಿಸಿಕೊಳ್ಳಲು ಎಷ್ಟು ಜಿಪಿಎ (ಸರಾಸರಿ ಅಂಕ) ಬೇಕು ಅಂತ ಬರಹದಲ್ಲಿ ಕೇಳಿ.

ಕುಶಾಲನಗರ: ಊರಿಗೇ ಕಳಿಸಿ. ತೋಟವಿದೆ, ಅರಣ್ಯ ಕಾಲೇಜು ಮನೆ ಬಾಗಿಲಲ್ಲೇ ಇದೆ. ಮಕ್ಕಳಿಗೆ ಮಣ್ಣಿನ ನಂಟು ಬೇಡವಾ?

ವಿರಾಜಪೇಟೆ: ನಂಟು ರಜೆಯಲ್ಲಿ ಬೆಳೆಸೋಣ. ಹೆಸರಿಲ್ಲದ ಕಾಲೇಜಿಗೆ ಅಷ್ಟು ದುಡ್ಡು ಸುರಿಯೋದು ತಪ್ಪು, ಹತ್ತು ಸಲ ಹೇಳ್ತೀನಿ.

ಕುಶಾಲನಗರ: ಕೊಡಗಿನ ಮಕ್ಕಳು ಸಣ್ಣ ಶಾಲೆಯಲ್ಲಿ ಓದಿಯೇ ದೊಡ್ಡವರಾಗಿದ್ದು ಅಣ್ಣಾ.

ಪೊನ್ನಂಪೇಟೆ ಕಡೆಯವರು: ಷೆಡ್ಯೂಲ್ ತೆಗೆದೆ. ಯೂನಿವರ್ಸಿಟಿ ಕೆಮಿಸ್ಟ್ರಿ ಕ್ಲಾಸಿಗೆ 320 ಸೀಟು, ಲ್ಯಾಬಿಗೆ 24 ಸೀಟು. ಲ್ಯಾಬ್ ಮುಂದೆ ‘ಸ್ಟಾಫ್’ ಅಂತಿದೆ. ಹಾಗಂದರೆ?

ಮಡಿಕೇರಿ: ಕಲಿಸೋದು ಯಾರು ಅಂತ ಇನ್ನೂ ಗೊತ್ತು ಮಾಡಿಲ್ಲ ಅಂತ. ದೊಡ್ಡ ಕಡೆ ಸಾಮಾನ್ಯವಾಗಿ ಪಿಎಚ್‌ಡಿ ಓದುವವರು ನಡೆಸ್ತಾರೆ. ಡಿಪಾರ್ಟ್‌ಮೆಂಟಿಗೆ ಮೇಲ್ ಹಾಕಿ, ಮೊದಲ ವರ್ಷದವರನ್ನ ರಿಸರ್ಚ್ ಲ್ಯಾಬಿಗೆ ಸೇರಿಸ್ಕೋತಾರಾ ಅಂತಾನೂ ಅದರಲ್ಲೇ ಕೇಳಿ.

ವಿರಾಜಪೇಟೆ: 320 ಇದ್ದರೇನು, ಬುದ್ಧಿವಂತ ಹುಡುಗಿ ಎಲ್ಲಿದ್ದರೂ ಓದ್ತಾಳೆ. ಹೆಸರು ನೋಡಿ ಅಕ್ಕಾ, ಹೆಸರು.