ಘಾಟಿ ಹತ್ತುವಾಗ ಪಿಕಪ್ ಇಲ್ಲ, ಬೆಳಗ್ಗೆ ಸ್ಟಾರ್ಟ್ ತಡ: ಫ್ಯುಯೆಲ್ ಪಂಪ್ ಹೋಗಿದೆ ಅಂತ ಹೇಗೆ ಖಾತ್ರಿ ಮಾಡಿಕೊಳ್ಳುವುದು?

ಹಾಸನದ ಪಯಣಿಗ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 98,000 ಕಿ.ಮೀ. ಓಡಿದೆ. ತಿಂಗಳಿಗೆ ಎರಡು ಸಲವಾದರೂ ಮಂಗಳೂರಿಗೆ ಹೋಗಿ ಬರುತ್ತೇನೆ. ಎರಡು ತಿಂಗಳಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಹತ್ತಲು ಶುರು ಮಾಡಿದರೆ ಗಾಡಿ ಎಳೆಯುವುದೇ ಇಲ್ಲ. ಎಕ್ಸಿಲರೇಟರ್ ಪೂರ್ತಿ ಒತ್ತಿದರೆ ಜರ್ಕ್ ಹೊಡೆಯುತ್ತದೆ, ಕಾಲು ಸ್ವಲ್ಪ ಸಡಿಲ ಮಾಡಿದರೆ ಸರಿಹೋಗುತ್ತದೆ. ಊರೊಳಗೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಜೊತೆಗೆ ಬೆಳಗ್ಗೆ ಐದಾರು ಸೆಕೆಂಡ್ ಸೆಲ್ಫ್ ಹೊಡೆಯಬೇಕು.

ಗ್ಯಾರೇಜಿನಲ್ಲಿ ಮೊದಲು ಪ್ಲಗ್ಗು ಬದಲಾಯಿಸಿದರು, ಆಮೇಲೆ ಒಂದು ಕಾಯಿಲ್. ವ್ಯತ್ಯಾಸ ಇಲ್ಲ. ಈಗ ಟ್ಯಾಂಕ್‌ನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ಹೋಗಿದೆ, ಟ್ಯಾಂಕ್ ಒಳಗಿನ ಪೂರ್ತಿ ಸೆಟ್ ಹಾಕಬೇಕು ಅನ್ನುತ್ತಿದ್ದಾರೆ. ಪೆಟ್ರೋಲ್ ಪ್ರೆಶರ್ ಮಾತ್ರ ಯಾರೂ ನೋಡಿಲ್ಲ. ಕಳೆದ ವಾರ ಹೆಂಡತಿ ಮಕ್ಕಳ ಜೊತೆ ಬರುವಾಗ ತಿರುವಿನಲ್ಲಿ ಗಾಡಿ ಸೋತುಹೋಯಿತು, ಹಿಂದೆಯೇ ಟ್ಯಾಂಕರ್ ಇತ್ತು. ನಿಜವಾಗಿಯೂ ಹೆದರಿಕೆಯಾಯಿತು. ದುಡ್ಡು ಕೊಡಲು ಬೇಜಾರಿಲ್ಲ, ಆದರೆ ಪಂಪ್ ಹಾಕಿದ ಮೇಲೂ ಹೀಗೇ ಆದರೆ ಏನು ಮಾಡಲಿ? ನನ್ನ ಹತ್ತಿರ ಒಂದು ಚಿಕ್ಕ ಸ್ಕ್ಯಾನರ್ ಇದೆ, ಅದರಲ್ಲಿ ಪಿ0171 (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಅನ್ನುವ ಕೋಡ್) ಅಂತ ಬರುತ್ತಿದೆ.

ಸ್ಪ್ಯಾನರ್ 10-12

ಸದ್ಯಕ್ಕೆ ಪಂಪ್ ತರಿಸಬೇಡಿ ಸರ್. ನಾಳೆ ಬೆಳಗ್ಗೆ ದುಡ್ಡಿಲ್ಲದ ಒಂದು ಪರೀಕ್ಷೆ ಮಾಡಿ. ಸೆಲ್ಫ್ ಹೊಡೆಯದೆ ಕೀ ಮಾತ್ರ ಆನ್ ಮಾಡಿ. ಹಿಂದಿನ ಸೀಟಿನ ಕೆಳಗಿನಿಂದ ಸುಮಾರು ಎರಡು ಸೆಕೆಂಡ್ ಸಣ್ಣ ಗುಂಯ್ ಶಬ್ದ ಬರುತ್ತದೆ, ಅದು ಪಂಪ್. ನಿಂತ ಮೇಲೆ ಆಫ್ ಮಾಡಿ, ಮತ್ತೆ ಆನ್. ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಹಿಡಿದರೆ, ರಾತ್ರಿ ನಿಲ್ಲಬೇಕಾದ ಪ್ರೆಶರ್ ಎಲ್ಲೋ ಇಳಿದುಹೋಗುತ್ತಿದೆ ಅಂತ ಅರ್ಥ. ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಪಂಪ್ ಒಳಗಿನ ಚೆಕ್ ವಾಲ್ವ್ ಇರಬಹುದು, ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಸೋರುತ್ತಿರಬಹುದು, ಪ್ರೆಶರ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಇರಬಹುದು.

ಸ್ಕ್ಯಾನರ್ ಇದೆ ಅಂದಿರಲ್ಲ, ಫ್ಯುಯೆಲ್ ಟ್ರಿಮ್ ಎಷ್ಟಿದೆ, ಅಂದರೆ ಎಂಜಿನ್ ಕಂಪ್ಯೂಟರ್ (ಇಸಿಯು) ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ? ಐಡ್ಲಿಂಗ್‌ನಲ್ಲಿ ಎಷ್ಟು, ಘಾಟಿ ಹತ್ತುವಾಗ ಎಷ್ಟು, ಎರಡೂ ಬೇಕು. ಓಡಿಸುವವರು ನೋಡಬೇಡಿ, ಪಕ್ಕದಲ್ಲಿ ಕೂತವರಿಗೆ ಹೇಳಿ.

ಹಾಸನದ ಪಯಣಿಗ

ಮೂರು ಸಲ ಕೀ ಹಾಕಿದೆ, ಒಂದೇ ಸಲಕ್ಕೆ ಹಿಡಿಯಿತು! ಟ್ರಿಮ್ ಐಡ್ಲಿಂಗ್‌ನಲ್ಲಿ +5, ಏರಿನಲ್ಲಿ +22.

ಮಲ್ನಾಡ್ ಜೀಪು

ಇದು ಇ20 (ಶೇ 20 ಎಥನಾಲ್ ಬೆರೆಸಿದ) ಪೆಟ್ರೋಲ್‌ನ ಕೆಲಸ ಅಂತ ನನಗನಿಸುತ್ತದೆ. ಹಳೆ ಗಾಡಿಗಳಿಗೆ ಅದು ಆಗಿಬರುವುದಿಲ್ಲ ಅಲ್ವಾ? ನನ್ನ ಡೀಸೆಲ್ ಗಾಡಿಯೂ ಹೀಗೇ ಎಳೆಯುತ್ತಿಲ್ಲ, ಪ್ರೆಶರ್ ಅಳೆಯುವ ಗೇಜ್ ತಂದರೆ ಅದಕ್ಕೂ ಹಾಕಿ ನೋಡಬಹುದಾ?

ಹಳೇ ಮೆಕ್ಯಾನಿಕ್

ಮೊದಲು ಡೀಸೆಲ್ ವಿಷಯ, ಯಾಕೆಂದರೆ ಇದು ಜೀವದ ಪ್ರಶ್ನೆ. ಪೆಟ್ರೋಲ್ ಗೇಜನ್ನು ಕಾಮನ್ ರೈಲ್ ಡೀಸೆಲ್‌ನ ರೈಲ್ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಪೈಪ್) ಕಡೆಗೆ ಯಾವ ಕಾರಣಕ್ಕೂ ಹಾಕಬೇಡಿ. ಅಲ್ಲಿ ಒತ್ತಡ 1,000 ಬಾರ್ ದಾಟುತ್ತದೆ. ಎಂಜಿನ್ ಓಡುವಾಗ ಸಣ್ಣ ಸೋರಿಕೆಗೆ ಬೆರಳು ಅಡ್ಡ ಇಟ್ಟರೂ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅದನ್ನು ಸ್ಕ್ಯಾನರ್‌ನಲ್ಲೇ ನೋಡಬೇಕು.

ಇನ್ನು ಇ20. ಎಥನಾಲ್ ಜಾಸ್ತಿ ಆದರೆ ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕು, ಅದು ನಿಜ. ಇ10ರಲ್ಲಿ 1 ಕೆ.ಜಿ. ಪೆಟ್ರೋಲಿಗೆ ಸುಮಾರು 14.1 ಕೆ.ಜಿ. ಗಾಳಿ, ಇ20ರಲ್ಲಿ ಸುಮಾರು 13.5. ಅಂದರೆ ಶೇ 4ರಷ್ಟು ವ್ಯತ್ಯಾಸ. ಐಡ್ಲಿಂಗ್‌ನ +5ಕ್ಕೆ ಅದು ಕಾರಣ ಇರಬಹುದು, +22ಕ್ಕೆ ಅಲ್ಲ. ಇ20 ಆಗಿದ್ದರೆ ಎಲ್ಲ ಕಡೆ ಒಂದೇ ಥರ ಏರಬೇಕಿತ್ತು.

ಹಾಸನದವರೇ, ನಿಮ್ಮ ಆ ಎರಡು ನಂಬರಿನಲ್ಲೇ ಅರ್ಧ ಉತ್ತರ ಇದೆ. ಎಲ್ಲಾದರೂ ಸೋರಿಕೆಯಿಂದ ಹೊರಗಿನ ಗಾಳಿ ಎಳೆಯುತ್ತಿದ್ದರೆ ಟ್ರಿಮ್ ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು ರೇಸ್ ಕೊಟ್ಟಾಗ ಇಳಿಯುತ್ತದೆ. ನಿಮ್ಮದು ಉಲ್ಟಾ. ಕೇಳಿದಷ್ಟು ಪೆಟ್ರೋಲ್ ಬರುತ್ತಿಲ್ಲ ಅನ್ನುವ ಲಕ್ಷಣ ಇದು. ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಕೊಳೆಯಾದರೂ ಹೀಗೆ ತೋರಿಸುತ್ತದೆ, ಅದಕ್ಕೇ ಗೇಜ್ ಹಾಕದೆ ತೀರ್ಮಾನ ಮಾಡಬಾರದು ಅನ್ನುವುದು. ಇಂಜೆಕ್ಟರ್‌ನಿಂದ ಬರುವ ಪೆಟ್ರೋಲ್ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತದೆ, ಹಾಗಾಗಿ ಒತ್ತಡ ಶೇ 20 ಇಳಿದರೆ ಪೆಟ್ರೋಲ್ ಶೇ 10ರಷ್ಟು ಕಡಿಮೆ. ಅಷ್ಟನ್ನು ಇಸಿಯು ಸರಿದೂಗಿಸುತ್ತದೆ. ಅದಕ್ಕಿಂತ ಇಳಿದರೆ ಏರಿನಲ್ಲಿ ಗೊತ್ತಾಗುತ್ತದೆ, ಊರೊಳಗೆ ಗೊತ್ತಾಗುವುದಿಲ್ಲ. ನಿಮಗೆ ಆಗುತ್ತಿರುವುದು ಅದೇ.

ಗೇಜ್ ಹಾಕುವವರ ಹತ್ತಿರ ಹೋಗಿ. ಬಹಳಷ್ಟು ಗಾಡಿಗಳಲ್ಲಿ ರೈಲ್ ಮೇಲೆ ಟೆಸ್ಟ್ ವಾಲ್ವ್ ಇರುವುದಿಲ್ಲ, ಪೈಪಿನ ಮಧ್ಯೆ ಕೂರಿಸುವ ಟಿ ಅಡಾಪ್ಟರ್ ಬೇಕು. ಪೈಪ್ ಬಿಚ್ಚುವ ಮೊದಲು ಪಂಪ್ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ಆಫ್ ಆಗುವ ತನಕ ಓಡಿಸಿ, ಬ್ಯಾಟರಿ ಮೈನಸ್ ಬಿಚ್ಚಲಿ. ಎಂಜಿನ್ ತಣ್ಣಗಿರಬೇಕು. ಸರಿಯಾದ ಒತ್ತಡ ಎಷ್ಟು ಅಂತ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲೇ ನೋಡಿ, ಕೆಲವಕ್ಕೆ 3 ಬಾರ್, ಕೆಲವಕ್ಕೆ 4 ಇರುತ್ತದೆ. ಐಡ್ಲಿಂಗ್ ರೀಡಿಂಗ್ ನೋಡಿ ಸರಿ ಇದೆ ಅಂದರೆ ಒಪ್ಪಬೇಡಿ. ಗೇಜನ್ನು ಗಾಜಿನ ಹೊರಗೆ ವೈಪರ್ ಹತ್ತಿರ ಭದ್ರವಾಗಿ ಕಟ್ಟಿ ಏರಿನಲ್ಲಿ ಓಡಿಸಿ ನೋಡಬೇಕು. ಗಾಡಿ ಒಳಗೆ ಮಾತ್ರ ತರಬೇಡಿ, ಪೆಟ್ರೋಲ್ ಚೆಲ್ಲಿದರೆ ಕಷ್ಟ.

ಕಡಿಮೆ ಬಂದರೂ ತಪ್ಪನ್ನು ಪಂಪ್ ಮೇಲೆ ಹಾಕಬೇಡಿ! ಪಂಪ್ ಕಪ್ಲರ್‌ನಲ್ಲಿ (ವೈರ್ ಸೇರುವ ಕನೆಕ್ಟರ್) ವೋಲ್ಟೇಜ್ ಎಷ್ಟು ಬರುತ್ತಿದೆ ಅಂತ ಎಂಜಿನ್ ಓಡುವಾಗಲೇ ಅಳೆಯಿರಿ. ಕಪ್ಲರ್ ಬಿಚ್ಚಿ ಅಳೆದರೆ ಬ್ಯಾಟರಿಯಷ್ಟೇ ತೋರಿಸುತ್ತದೆ, ಅದನ್ನು ನಂಬಿ ಎಷ್ಟೋ ಜನ ಒಳ್ಳೆ ಪಂಪ್ ಬಿಸಾಡಿದ್ದಾರೆ. ಅರ್ಥ್ ಕಡೆಯನ್ನೂ ನೋಡಿ, ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಪಂಪಿನ ಅರ್ಥ್ ವೈರಿಗೆ. 0.2 ವೋಲ್ಟ್ ಒಳಗಿರಬೇಕು.

ಸ್ಪ್ಯಾನರ್ 10-12

ಇನ್ನೊಂದು ಮಾತು. ಪೆಟ್ರೋಲ್ ಯಾವಾಗಲೂ ರಿಸರ್ವ್‌ನಲ್ಲಿ ಇಟ್ಟು ಓಡಿಸುವ ಅಭ್ಯಾಸ ಇದೆಯಾ? ಪಂಪ್ ತಣ್ಣಗಾಗುವುದು ಪೆಟ್ರೋಲ್‌ನಿಂದಲೇ. ಹಾಗೆಯೇ ಸೋರಿಕೆ ಹುಡುಕಲು ಪೈಪ್ ಅದುಮುತ್ತಾರೆ, ರಬ್ಬರ್ ಪೈಪಾದರೆ ಮಾತ್ರ ಅದುಮಲು ಬಿಡಿ. ಪ್ಲಾಸ್ಟಿಕ್ ಪೈಪ್ ಅದುಮಿದರೆ ಸೀಳುತ್ತದೆ.

ಹಾಸನದ ಪಯಣಿಗ

ತಡವಾಗಿದ್ದಕ್ಕೆ ಕ್ಷಮಿಸಿ, ಗೇಜ್ ಇರುವವರು ಸಿಗಲು ಹತ್ತು ದಿನ ಬೇಕಾಯಿತು. ನನ್ನ ಗಾಡಿಗೆ ಇರಬೇಕಾದ್ದು 3 ಬಾರ್. ಐಡ್ಲಿಂಗ್‌ನಲ್ಲಿ 2.9 ಬಂತು. ಅವರೂ ಸರಿ ಇದೆಯಲ್ಲ ಅಂದರು. ನಾನು ಹಠ ಹಿಡಿದು ಏರಿಗೆ ಕರೆದುಕೊಂಡು ಹೋದೆ, ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಮುಳ್ಳು ನಿಧಾನವಾಗಿ 2.0ಕ್ಕೆ ಇಳಿಯಿತು. ಆಫ್ ಮಾಡಿ ಹತ್ತು ನಿಮಿಷಕ್ಕೆ 0.4.

ಸೀಟ್ ಎತ್ತಿ ಅಳೆದೆವು. ಬ್ಯಾಟರಿಯಲ್ಲಿ 14.1, ಪಂಪ್ ಕಪ್ಲರ್‌ನಲ್ಲಿ 11.6. ಅರ್ಥ್ ಕಡೆಯೇ 2.1 ವೋಲ್ಟ್ ತಿನ್ನುತ್ತಿತ್ತು! ಗಾಡಿಯ ಬಾಡಿ ಮೇಲೆ ಕೂರಿಸಿದ ಅರ್ಥ್ ಬೋಲ್ಟ್ ಕೆಳಗೆ ಪೂರ್ತಿ ತುಕ್ಕು. ಉಜ್ಜಿ ಹೊಸ ಬೋಲ್ಟ್ ಹಾಕಿದೆವು, ಕಪ್ಲರ್‌ನಲ್ಲಿ 13.6 ಬಂತು. ಅದೇ ಏರು, ಅದೇ ಗೇರು, 2.9 ಕದಲಲಿಲ್ಲ.

ಆಫ್ ಮಾಡಿದ ಮೇಲೆ ಪ್ರೆಶರ್ ಇಳಿಯುವುದು ಮಾತ್ರ ಹಾಗೇ ಇತ್ತು. ಟ್ಯಾಂಕ್ ಒಳಗಿನ ಸೆಟ್ ತೆಗೆಸಿ ನೋಡಿದರೆ ರೆಗ್ಯುಲೇಟರ್ ಕೂರುವ ಕಡೆ ಓ-ರಿಂಗ್ ಸೀಳಿತ್ತು. ಅದನ್ನು ಬದಲಾಯಿಸಿ, ಮುಚ್ಚಳದ ಸೀಲನ್ನೂ ಹೊಸದು ಹಾಕಿಸಿದೆ. ಈಗ ಅರ್ಧ ಗಂಟೆ ಬಿಟ್ಟರೂ 2.6 ಇರುತ್ತದೆ, ಬೆಳಗ್ಗೆ ಒಂದೇ ಸೆಲ್ಫ್. ನಿನ್ನೆ ನಾಲ್ಕು ಜನ ಕೂತು ಶಿರಾಡಿ ಹತ್ತಿದೆವು, ಏರಿನಲ್ಲಿ ಟ್ರಿಮ್ +6. ಪಂಪ್ ಹಳೆಯದೇ ಇದೆ. ಹಳೇ ಮೆಕ್ಯಾನಿಕ್ ಸರ್, ಸ್ಪ್ಯಾನರ್ ಅಣ್ಣ, ನಿಮ್ಮಿಬ್ಬರಿಗೂ ತುಂಬಾ ಧನ್ಯವಾದ.

ಹಳೇ ಮೆಕ್ಯಾನಿಕ್

ಬಹಳ ಸಂತೋಷವಾಯಿತು. ಆ ಬೋಲ್ಟಿಗೆ ಸ್ವಲ್ಪ ಗ್ರೀಸ್ ಸವರಿ, ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ಅಳೆದು ನೋಡಿ.