ಅಪ್‌ಡೇಟ್: ಮೂರು ಪುಟದ ರೆಸ್ಯೂಮೆ ಒಂದಕ್ಕಿಳಿಯಿತು

ಅಕೌಂಟ್ಸ್ ಕೆಲಸಕ್ಕೆ 40 ಕಡೆ ರೆಸ್ಯೂಮೆ ಕಳಿಸಿದರೂ ಒಂದು ಫೋನೂ ಬರುತ್ತಿಲ್ಲ ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ನೀವು ಹೇಳಿದಂತೆ ಅಪ್ಪನ ಹೆಸರು, ಡಿಕ್ಲರೇಷನ್, ಹವ್ಯಾಸ ಎಲ್ಲ ತೆಗೆದೆ (ಕ್ರಿಕೆಟ್ ನೋಡೋದು ಅಂತ ಯಾಕೆ ಬರೆದಿದ್ದೆನೋ!). ಜಾಸ್ತಿ ಹೊತ್ತು ಹಿಡಿದದ್ದು ಒಂದೇ ಸಾಲು. ಮೊದಲು ಸುಮ್ನೆ 'ಜಿಎಸ್‌ಟಿ ಕೆಲಸ ಗೊತ್ತು' ಅಂತಿತ್ತು. ಈಗ 'ಟ್ಯಾಲಿಯಲ್ಲಿ 18 ಅಂಗಡಿಗಳ ಲೆಕ್ಕ, ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ, ಎರಡು ವರ್ಷದಲ್ಲಿ ಒಮ್ಮೆಯೂ ಲೇಟ್ ಫೀ ಇಲ್ಲ' ಅಂತ ಬರೆದೆ (ಟ್ಯಾಲಿ ಅಂದ್ರೆ ಲೆಕ್ಕ ಬರೆಯೋ ಸಾಫ್ಟ್‌ವೇರ್; ಜಿಎಸ್‌ಟಿಆರ್-1 ಮಾರಾಟದ ವಿವರ ಕೊಡೋ ರಿಟರ್ನ್, 3ಬಿ ತಿಂಗಳ ತೆರಿಗೆ ಲೆಕ್ಕ ಕೊಟ್ಟು ಕಟ್ಟೋ ರಿಟರ್ನ್). 12 ಕಡೆ ಕಳಿಸಿದೆ, ಮೂರು ಫೋನ್ ಬಂತು. ಒಬ್ಬರಂತೂ ಇಂಟರ್‌ವ್ಯೂನಲ್ಲಿ ಆ ಸಾಲಿನ ಮೇಲೇ ಬೆರಳಿಟ್ಟು, 'ಬಿಲ್ ತಡವಾಗಿ ಕೊಡೋ ಅಂಗಡಿಯವರನ್ನ ಹೇಗೆ ಸಂಭಾಳಿಸ್ತಿದ್ರಿ?' ಅಂತ ಕೇಳಿದರು. ಕೆಲಸ ಇನ್ನೂ ಸಿಕ್ಕಿಲ್ಲ, ಗುರುವಾರ ಎರಡನೇ ರೌಂಡ್ ಇದೆ.