ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗುತ್ತಿವೆ, ಫಾರ್ಮ್ಯಾಟ್ ಮಾಡಿದರೂ ಮತ್ತೆ ಅದೇ ಕಥೆ

ಅಚ್ಚುಮೊಳೆ
ತಲೆ ಕೆಟ್ಟುಹೋಗಿದೆ. ನಮ್ಮದು ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಗಿರಾಕಿಗಳು ಪೆನ್‌ಡ್ರೈವ್ ತರುತ್ತಾರೆ, ಪ್ರಿಂಟ್ ತೆಗೆದು ಹಿಂದಿರುಗಿಸುತ್ತೇವೆ. ಮನೆಗೆ ಹೋಗಿ ತೆರೆದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್. ಬೈಗುಳ ನನಗೆ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿದೆ, ಆಂಟಿವೈರಸ್ ಓಡಿಸಿದೆ, ವಿಂಡೋಸನ್ನೇ ಹೊಸದಾಗಿ ಹಾಕಿಸಿದೆ. ಸ್ವಲ್ಪ ದಿನ ಸರಿಯಿತ್ತು, ಮತ್ತೆ ಶುರು. ಲಗ್ನಪತ್ರಿಕೆಗಳ ರಾಶಿ ಬಿದ್ದಿದೆ, ಬೇಗ ಹೇಳಿ. ಮತ್ತೆ ವಿಂಡೋಸ್ ಹಾಕಿಸಿ ಎಂದು ಮಾತ್ರ ಹೇಳಬೇಡಿ.

ಹಳೆಹುಲಿ95
ಆಟೋರನ್. ಪೆನ್‌ಡ್ರೈವ್ ಹಾಕಿದ ಕೂಡಲೇ ಅದರಲ್ಲಿರುವುದನ್ನು ವಿಂಡೋಸ್ ತಾನಾಗಿ ಓಡಿಸುವ ಏರ್ಪಾಡು. ಬೇರೇನೂ ಅಲ್ಲ. ಪೆನ್‌ಡ್ರೈವ್‌ನಲ್ಲಿ ಆಟೋರನ್ ಡಾಟ್ ಐಎನ್‌ಎಫ್ ಎಂಬ ಹೆಸರಿನ ಖಾಲಿ ಫೋಲ್ಡರ್ ಮಾಡಿಡಿ. ಆಟೋರನ್‌ಗೆ ಆದೇಶ ಕೊಡುವ ಅದೇ ಹೆಸರಿನ ಫೈಲನ್ನು ವೈರಸ್ ಅಲ್ಲಿ ಬರೆಯಲಾರದು. ಕಾನ್ಫಿಕರ್ ಎಂಬ ಕಂಪ್ಯೂಟರ್ ಪಿಡುಗಿನ ಕಾಲದಲ್ಲಿ ನಮ್ಮ ಕಾಲೇಜಿನ ಲ್ಯಾಬ್ ಉಳಿದದ್ದೇ ಈ ಉಪಾಯದಿಂದ.

ಬೆಸುಗೆಕಡ್ಡಿ
ವಿಂಡೋಸ್ ಯಾವುದು? ಆಂಟಿವೈರಸ್ ಯಾವುದು, ಅದರ ಅವಧಿ ಮುಗಿದಿಲ್ಲವಷ್ಟೇ? ಅಂಗಡಿಯಲ್ಲಿ ಎಷ್ಟು ಕಂಪ್ಯೂಟರ್‌ಗಳಿವೆ?

ಇವೆಲ್ಲಕ್ಕಿಂತ ಮುಖ್ಯವಾದದ್ದು: ಒಂದು ಶಾರ್ಟ್‌ಕಟ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆಯಿರಿ. ಟಾರ್ಗೆಟ್ ಎಂಬಲ್ಲಿರುವ ಸಾಲನ್ನು ಒಂದಕ್ಷರ ಬಿಡದೆ ಇಲ್ಲಿ ಬರೆಯಿರಿ. ಡಬಲ್ ಕ್ಲಿಕ್ ಮಾಡಬೇಡಿ. ಫಾರ್ಮ್ಯಾಟ್ ಮಾಡುವುದನ್ನೂ ನಿಲ್ಲಿಸಿ. ಫೈಲುಗಳು ಎಲ್ಲಿಗೂ ಹೋಗಿರುವುದಿಲ್ಲ, ವೈರಸ್ ಅವನ್ನು ಅಡಗಿಸಿಟ್ಟಿರುತ್ತದೆ.

ಅಚ್ಚುಮೊಳೆ
ವಿಂಡೋಸ್ ಮಾಮೂಲಿಯದೇ. ಆಂಟಿವೈರಸ್ ಇದೆ. ಹಳೆಹುಲಿಯವರು ಹೇಳಿದಂತೆ ಖಾಲಿ ಫೋಲ್ಡರ್ ಮಾಡಿಟ್ಟೆ. ಈಗ ಅದೂ ಶಾರ್ಟ್‌ಕಟ್ ಆಗಿದೆ.

ಹಳೆಹುಲಿ95
ಹಾಗಾದರೆ ಆ ಫೋಲ್ಡರಿಗೆ ನೀವು ರೀಡ್ ಓನ್ಲಿ ಗುರುತು ಹಾಕಿಲ್ಲ. ಹಾಕಿ ನೋಡಿ. ಜೊತೆಗೆ ಗ್ರೂಪ್ ಪಾಲಿಸಿಯಲ್ಲಿ ಆಟೋಪ್ಲೇ ಬಂದ್ ಮಾಡಿ.

ಬೆಸುಗೆಕಡ್ಡಿ
ಸರ್, ನಿಮ್ಮ ಅನುಭವದ ಬಗ್ಗೆ ಗೌರವವಿದೆ. ಆದರೆ ವಿಂಡೋಸ್ 7 ಬಂದಾಗಲೇ ಪೆನ್‌ಡ್ರೈವ್‌ನಿಂದ ಆಟೋರನ್ ಓಡುವುದು ನಿಂತಿತು. ಅದಕ್ಕೂ ಹಿಂದಿನ ವಿಂಡೋಸ್‌ಗಳಾದ ಎಕ್ಸ್‌ಪಿ, ವಿಸ್ತಾಗಳಿಗೂ 2011ರ ಫೆಬ್ರುವರಿಯಲ್ಲಿ ಅದನ್ನೇ ಮಾಡುವ ಅಪ್‌ಡೇಟ್ ಕೊಟ್ಟರು. ತಾನಾಗಿ ಓಡುವ ದಾರಿ ಮುಚ್ಚಿದ್ದರಿಂದಲೇ ಮನುಷ್ಯನ ಕೈಯಿಂದ ಕ್ಲಿಕ್ ಮಾಡಿಸಿಕೊಳ್ಳುವ ದಾರಿ ಹಿಡಿದರು. ನಿಮ್ಮದೇ ಫೋಲ್ಡರಿನ ಹೆಸರು, ಅದೇ ಹಳದಿ ಚಿತ್ರ, ಮೂಲೆಯಲ್ಲೊಂದು ಪುಟ್ಟ ಬಾಣ. ಗಡಿಬಿಡಿಯಲ್ಲಿರುವ ಅಂಗಡಿಯಲ್ಲಿ ಆ ಬಾಣವನ್ನು ಯಾರು ನೋಡುತ್ತಾರೆ?

ಅಚ್ಚುಮೊಳೆಯವರೇ, ಟಾರ್ಗೆಟ್ ಸಾಲು ಇನ್ನೂ ಬಂದಿಲ್ಲ.

ಹಳೆಹುಲಿ95
ಅಪ್‌ಡೇಟ್ ಕೊಟ್ಟರು ಸರಿ. ಹಾಕಿಕೊಂಡವರು ಯಾರು? ನಮ್ಮ ಊರಿನ ಅಂಗಡಿಗಳಲ್ಲಿ ಅಪ್‌ಡೇಟ್ ಬಂದ್ ಮಾಡುವುದೇ ಇನ್‌ಸ್ಟಾಲ್ ಮಾಡುವವನ ಮೊದಲ ಕೆಲಸ. ನಾನು ಈಗಲೂ ಆಟೋರನ್ ಎಂದೇ ಹೇಳುತ್ತೇನೆ.

ಪೆಂಗ್ವಿನ್‌ಪಡುವಣ
ಇಷ್ಟೆಲ್ಲ ಏಕೆ? ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ. ಈ ಜಾತಿಯ ಸ್ಕ್ರಿಪ್ಟ್ ಅಲ್ಲಿ ಓಡುವುದೇ ಇಲ್ಲ.

ಅಚ್ಚುಮೊಳೆ
ಪೇಜ್‌ಮೇಕರ್ 7 ಓಡುತ್ತದೆಯೇ? ನುಡಿ ಓಡುತ್ತದೆಯೇ? ಕೋರಲ್‌ಡ್ರಾ?

ಪೆಂಗ್ವಿನ್‌ಪಡುವಣ
ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದನ್ನು ಇನ್ನೂ ಬಳಸುತ್ತಿರುವುದೇ ಸಮಸ್ಯೆ. ಸ್ಕ್ರೈಬಸ್ ಇದೆ, ಇಂಕ್‌ಸ್ಕೇಪ್ ಇದೆ, ಯೂನಿಕೋಡ್ ಇದೆ.

ಅಚ್ಚುಮೊಳೆ
ಸ್ವಾಮಿ, ಹಿಂದೆ ಮಾಡಿದ ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಮಾದರಿಗಳೆಲ್ಲ ಹಳೆಯ ನುಡಿ ಅಕ್ಷರಗಳಲ್ಲಿವೆ. ಹೆಸರು, ಮುಹೂರ್ತ ಬದಲಿಸಿದರೆ ಕೆಲಸ ಮುಗಿಯುತ್ತದೆ. ಅವನ್ನೆಲ್ಲ ಯೂನಿಕೋಡ್‌ಗೆ ತರುವವರು ನೀವೇ ಬನ್ನಿ, ಕಾಫಿ ಕೊಡಿಸುತ್ತೇನೆ.

ರಾಗಿಮುದ್ದೆ
ನನಗೂ ಇದೇ ವೈರಸ್ ಬಂದಿದೆ. ಫೋಟೋಗಳ ಹೆಸರಿನ ಕೊನೆಗೆ ನಾಲ್ಕು ಅಕ್ಷರ ಸೇರಿಕೊಂಡಿದೆ, ಯಾವುದೂ ತೆರೆಯುವುದಿಲ್ಲ. ಎಲ್ಲ ಫೋಲ್ಡರಿನಲ್ಲೂ ರೀಡ್‌ಮಿ ಎಂಬ ಫೈಲ್ ಇದೆ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ ಎಂದು ಬರೆದಿದೆ. ನಾನೂ ಶಾರ್ಟ್‌ಕಟ್ ಅಳಿಸಬೇಕೇ?

ಬೆಸುಗೆಕಡ್ಡಿ
ಇಲ್ಲ! ನಿಮ್ಮದು ಬೇರೆ ರೋಗ. 980, ಅದರ ಅರ್ಧ 490, ಈ ಲೆಕ್ಕ ಸ್ಟಾಪ್ ಅಥವಾ ಡಿಜೆವು ಎಂಬ ರ‍್ಯಾನ್‌ಸಮ್‌ವೇರ್ ಕುಟುಂಬದ್ದು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಜಾತಿ ಅದು. ಅಚ್ಚುಮೊಳೆಯವರ ಫೈಲುಗಳು ಅಡಗಿವೆ, ನಿಮ್ಮವಕ್ಕೆ ಬೀಗ ಬಿದ್ದಿದೆ. ಅದು ಹೆಚ್ಚಾಗಿ ಬರುವುದು ಕ್ರ್ಯಾಕ್ ಮಾಡಿದ ತಂತ್ರಾಂಶದ ಜೊತೆ. ಇತ್ತೀಚೆಗೆ ಏನು ಇಳಿಸಿಕೊಂಡಿರಿ ನೋಡಿ.

ಹಣ ಕೊಡಬೇಡಿ. ಬೀಗ ಬಿದ್ದ ಫೈಲುಗಳನ್ನು ಅಳಿಸಬೇಡಿ, ಪ್ರತಿ ಮಾಡಿ ಇಟ್ಟುಕೊಳ್ಳಿ. ದಾಳಿಯ ಹೊತ್ತಿಗೆ ಅದಕ್ಕೆ ತನ್ನ ಸರ್ವರ್ ಸಿಗದಿದ್ದರೆ ಒಳಗೇ ಇರುವ ಸಿದ್ಧ ಕೀಲಿಯನ್ನು ಬಳಸುತ್ತದೆ. ಅಂಥ ಹಲವು ಕೀಲಿಗಳು ಸಿಕ್ಕಿವೆ. ಎಮ್ಸಿಸಾಫ್ಟ್ 2019ರಲ್ಲಿ ಹೊರತಂದ ಉಚಿತ ಡಿಕ್ರಿಪ್ಟರ್ ಅವುಗಳಿಂದಲೇ ಬಿಡಿಸುತ್ತದೆ. ಸರ್ವರ್ ಸಿಕ್ಕಿದ್ದರೆ ನಿಮಗೊಬ್ಬರಿಗೇ ಮಾಡಿದ ಕೀಲಿ, ಅದು ಸದ್ಯಕ್ಕೆ ಕಷ್ಟ. ಇದೇ ಕುಟುಂಬ ಎಷ್ಟೋ ಸಲ ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನೂ ಜೊತೆಗೆ ಇಳಿಸಿರುತ್ತದೆ. ಬ್ಯಾಂಕಿನದು, ಇಮೇಲಿನದು, ಎಲ್ಲ ಪಾಸ್‌ವರ್ಡ್‌ಗಳನ್ನೂ ಬೇರೆ ಯಂತ್ರದಿಂದ ಬದಲಿಸಿ.

ನಿರ್ವಾಹಕ
ರಾಗಿಮುದ್ದೆಯವರೇ, ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಎರಡೂ ಕಲಸಿಹೋದರೆ ಯಾರೋ ಒಬ್ಬರು ತಪ್ಪು ಔಷಧ ಕುಡಿಯುತ್ತಾರೆ.

ಅಚ್ಚುಮೊಳೆ
ಟಾರ್ಗೆಟ್ ನೋಡಿದೆ. ಮೊದಲು ಸಿಎಂಡಿ ಡಾಟ್ ಇಎಕ್ಸ್‌ಇ, ಓರೆಗೆರೆ, ಸಿ ಅಕ್ಷರ, ಸ್ಟಾರ್ಟ್. ಆಮೇಲೆ ಬಾಯಿಗೆ ಬಾರದ ಹೆಸರಿನ ಒಂದು ವಿಬಿಎಸ್ ಫೈಲ್. ಮತ್ತೆ ಸ್ಟಾರ್ಟ್ ಎಕ್ಸ್‌ಪ್ಲೋರರ್, ನನ್ನ ಫೋಲ್ಡರಿನ ಹೆಸರು, ಎಕ್ಸಿಟ್. ಇದರಿಂದ ಏನು ತಿಳಿಯುತ್ತದೆ? ಶಾರ್ಟ್‌ಕಟ್ ಒತ್ತಿದರೆ ಫೋಲ್ಡರ್ ಸರಿಯಾಗಿಯೇ ತೆರೆಯುತ್ತದಲ್ಲ. ಹಿಂದಿನ ಕೋಣೆಯ ಎಕ್ಸ್‌ಪಿ ಯಂತ್ರದಲ್ಲೂ ತೆರೆಯುತ್ತದೆ.

ಬೆಸುಗೆಕಡ್ಡಿ
ಹಿಂದಿನ ಕೋಣೆಯ ಎಕ್ಸ್‌ಪಿ ಯಂತ್ರ?

ಅಚ್ಚುಮೊಳೆ
ಹೌದು, ಹಳೆಯ ಪ್ರಿಂಟರ್ ಇರುವುದು ಅದರಲ್ಲೇ. ಎಲ್ಲ ಡಿಟಿಪಿ ಅಂಗಡಿಯಲ್ಲೂ ಇರುತ್ತದೆಯಲ್ಲ? ಮುಂದಿನದರಲ್ಲಿ ವಿನ್ಯಾಸ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಹಿಂದೆ ಪ್ರಿಂಟ್ ತೆಗೆಯುತ್ತೇವೆ. ಮುಂದಿನದು ವಿಂಡೋಸ್ 7. ಹೊಸದಾಗಿ ಹಾಕಿಸಿದ್ದು ಮುಂದಿನದಕ್ಕೆ ಮಾತ್ರ, ಹಿಂದಿನದರಲ್ಲಿ ತೊಂದರೆ ಕಂಡಿರಲಿಲ್ಲ.

ಬೆಸುಗೆಕಡ್ಡಿ
ಸರಿ. ಇಷ್ಟು ಹೊತ್ತು ಬೇಕಾಗಿದ್ದದ್ದು ಈ ಎರಡು ಮಾಹಿತಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಫೋಲ್ಡರ್ ಸರಿಯಾಗಿ ತೆರೆಯುವುದೇ ಅದರ ಜಾಣತನ. ಒಂದು ಕ್ಲಿಕ್‌ಗೆ ಎರಡು ಕೆಲಸ: ಮೊದಲು ವಿಬಿಎಸ್ ಸ್ಕ್ರಿಪ್ಟ್, ಎಂದರೆ ವಿಂಡೋಸ್ ಓಡಿಸುವ ಆದೇಶಗಳ ಫೈಲ್, ಓಡುತ್ತದೆ, ಆಮೇಲೆ ನೀವು ಕೇಳಿದ ಫೋಲ್ಡರ್ ತೆರೆಯುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಸ್ಕ್ರಿಪ್ಟ್ ತನ್ನ ಪ್ರತಿಯನ್ನು ಟೆಂಪ್ ಅಥವಾ ಆ್ಯಪ್‌ಡೇಟಾದಲ್ಲಿ ಇಟ್ಟು, ಸ್ಟಾರ್ಟಪ್ ಫೋಲ್ಡರಿಗೂ ವಿಂಡೋಸ್‌ನ ಸೆಟ್ಟಿಂಗ್‌ಗಳ ಉಗ್ರಾಣವಾದ ರಿಜಿಸ್ಟ್ರಿಯ ರನ್ ಪಟ್ಟಿಗೂ ಸೇರಿಕೊಂಡು, ಡಬ್ಲ್ಯೂಸ್ಕ್ರಿಪ್ಟ್ ಎಂಬ ವಿಂಡೋಸ್‌ನ ಸ್ವಂತ ಪ್ರೋಗ್ರಾಮಿನ ಹೆಗಲೇರಿ ಕೂರುತ್ತದೆ. ಯಾವ ಪೆನ್‌ಡ್ರೈವ್ ಹಾಕಿದರೂ ಅಲ್ಲಿರುವುದನ್ನು ಅಡಗಿಸಿ ಶಾರ್ಟ್‌ಕಟ್ ಬರೆಯುತ್ತದೆ. ನೀವು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ಅದೇ ಯಂತ್ರಕ್ಕೆ ಹಾಕಿದರೆ ಏನೂ ಪ್ರಯೋಜನವಿಲ್ಲ. ಮುಂದಿನ ಯಂತ್ರ ಶುದ್ಧವಾದರೂ ಹಿಂದಿನದು ಮತ್ತೆ ಅಂಟಿಸುತ್ತದೆ.

ಲಕ್ಷಣ ನೋಡಿದರೆ ಜೆನ್‌ಕ್ಸ್‌ಕಸ್ ಜಾತಿಯ ವರ್ಮ್, ಎಂದರೆ ತನ್ನ ಪ್ರತಿ ತಾನೇ ಮಾಡಿಕೊಂಡು ಹರಡುವ ಪ್ರೋಗ್ರಾಮ್. ಸ್ಯಾಲಿಟಿಯಂಥ ವೈರಸ್ ಆಗಿದ್ದರೆ ಇಎಕ್ಸ್‌ಇ ಫೈಲುಗಳ ಒಳಗೇ ಹೊಕ್ಕು ಪೇಜ್‌ಮೇಕರ್, ಕೋರಲ್ ಎಲ್ಲವನ್ನೂ ಕೆಡಿಸಿರುತ್ತಿತ್ತು. ಇದು ನಿಮ್ಮ ಫೈಲುಗಳನ್ನು ಮುಟ್ಟುವುದಿಲ್ಲ. ಆದರೆ ಅಷ್ಟಕ್ಕೇ ನೆಮ್ಮದಿ ಬೇಡ. ಇದು ಹೊರಗಿನ ಸರ್ವರ್ ಜೊತೆ ಮಾತನಾಡಿ, ಅಲ್ಲಿಂದ ಬಂದ ಆದೇಶ ಪಾಲಿಸುತ್ತದೆ. ನೀವು ಸೇವಾ ಸಿಂಧು ಅರ್ಜಿಗಳನ್ನು, ಜನರ ಆಧಾರ್ ಸ್ಕ್ಯಾನ್‌ಗಳನ್ನು ಅದೇ ಯಂತ್ರದಲ್ಲಿ ಇಟ್ಟುಕೊಂಡಿದ್ದರೆ ಶಾರ್ಟ್‌ಕಟ್‌ನ ಕಿರಿಕಿರಿ ಚಿಕ್ಕದು.

ಈಗ ಕೆಲಸ. ಎಲ್ಲ ಪೆನ್‌ಡ್ರೈವ್ ಹೊರಗೆ, ಎರಡೂ ಯಂತ್ರಗಳ ಇಂಟರ್ನೆಟ್ ತಂತಿ ಹೊರಗೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಬ್ಲ್ಯೂಸ್ಕ್ರಿಪ್ಟ್ ಕಂಡರೆ ಮೊದಲು ಅದನ್ನು ನಿಲ್ಲಿಸಿ. ಅದು ಬದುಕಿರುವಾಗ ನೀವು ಅಳಿಸಿದ್ದನ್ನು ಮತ್ತೆ ಬರೆಯುತ್ತಲೇ ಇರುತ್ತದೆ. ಮುಂದಿನದರಲ್ಲಿ ಆಟೋರನ್ಸ್ ಓಡಿಸಿ, ಎಕ್ಸ್‌ಪಿಯಲ್ಲಿ ಎಂಎಸ್‌ಕಾನ್ಫಿಗ್ ಸಾಕು. ಆ ವಿಬಿಎಸ್ ಹೆಸರು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ತೆಗೆಯಿರಿ. ಆಮೇಲೆ ರಿಜಿಸ್ಟ್ರಿಯಲ್ಲಿ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್‌ನ ಸೆಟ್ಟಿಂಗ್ಸ್ ಅಡಿಯಲ್ಲಿ ಎನೇಬಲ್ಡ್ ಎಂಬ ಮೌಲ್ಯವನ್ನು 0 ಮಾಡಿ. ಗಿರಾಕಿಯ ಶಾರ್ಟ್‌ಕಟ್ ಯಾರಾದರೂ ಒತ್ತಿದರೂ ಸ್ಕ್ರಿಪ್ಟ್ ಓಡುವುದಿಲ್ಲ.

ಕೊನೆಗೆ ಪೆನ್‌ಡ್ರೈವ್. ಕಮಾಂಡ್ ಪ್ರಾಂಪ್ಟ್‌ನಲ್ಲಿ ಡ್ರೈವ್‌ಗೆ ಹೋಗಿ ಆಟ್ರಿಬ್ ಆದೇಶ: ಎಚ್, ಎಸ್, ಆರ್ ಒಂದೊಂದಕ್ಕೂ ಮೊದಲು ಮೈನಸ್ ಗುರುತು, ನಂತರ ಓರೆಗೆರೆ ಎಸ್, ಓರೆಗೆರೆ ಡಿ. ಅಡಗಿದ್ದೆಲ್ಲ ಕಾಣುತ್ತದೆ. ಶಾರ್ಟ್‌ಕಟ್‌ಗಳನ್ನೂ ವಿಬಿಎಸ್ ಫೈಲನ್ನೂ ಅಳಿಸಿ.

ಹಳೆಹುಲಿ95
ನೋಡಿದಿರಾ, ಕೊನೆಗೂ ಆಟೋರನ್ ಎಂದರು. ನಾನು ಮೊದಲೇ ಹೇಳಿದ್ದೆ.

ಬೆಸುಗೆಕಡ್ಡಿ
ಸರ್, ಆಟೋರನ್ಸ್ ಎಂಬುದು ಸಿಸ್‌ಇಂಟರ್ನಲ್ಸ್‌ನ ಒಂದು ಉಪಕರಣ. ಕಂಪ್ಯೂಟರ್ ಶುರುವಾದಾಗ ಏನೇನು ಓಡುತ್ತದೆ ಎಂದು ಪಟ್ಟಿ ಕೊಡುತ್ತದೆ. ನೀವು ಹೇಳಿದ್ದು ಅದಲ್ಲ.

ಹಳೆಹುಲಿ95
ಹೆಸರಿನಲ್ಲೇ ಇದೆಯಲ್ಲ.

ಮೂರುಪರದೆ
ಜೆನ್‌ಕ್ಸ್‌ಕಸ್ ಎಂದಾಗ ನೆನಪಾಯಿತು. 2014ರ ಜೂನ್ ಕೊನೆಯಲ್ಲಿ ಮೈಕ್ರೋಸಾಫ್ಟ್ ಇದನ್ನೂ ಬ್ಲಾಡಬಿಂಡಿ ಎಂಬ ಇನ್ನೊಂದನ್ನೂ ಹಿಡಿಯಲೆಂದು ನ್ಯಾಯಾಲಯದ ಆದೇಶ ತಂದು, ಬದಲಾಗುತ್ತಿರುವ ಐಪಿ ವಿಳಾಸಕ್ಕೆ ಬದಲಾಗದ ಹೆಸರು ಕೊಡುವ ನೋ-ಐಪಿ ಎಂಬ ಡೈನಮಿಕ್ ಡಿಎನ್‌ಎಸ್ ಸೇವೆಯ ಡೊಮೈನ್‌ಗಳನ್ನು ವಶಕ್ಕೆ ಪಡೆಯಿತು. ಆ ವರ್ಮ್‌ಗಳು ಯಜಮಾನನನ್ನು ಹುಡುಕುತ್ತಿದ್ದದ್ದು ಅಂಥ ವಿಳಾಸಗಳಿಂದ. ಏನೂ ತಪ್ಪು ಮಾಡದ ಬಳಕೆದಾರರ ಸಂಪರ್ಕವೂ ಕಡಿದುಹೋಯಿತು. ಗದ್ದಲವಾಗಿ ಕೆಲವೇ ದಿನಗಳಲ್ಲಿ ಡೊಮೈನ್‌ಗಳನ್ನು ಹಿಂದಿರುಗಿಸಿದರು. ನನಗೆ ಆಗಲೂ ತೊಂದರೆಯಾಗಲಿಲ್ಲ, ಮನೆಗೆ ಸ್ಥಿರ ಐಪಿ ಇತ್ತು. ಈಗಂತೂ ಫೈರ್‌ವಾಲ್‌ಗೆ ಪ್ರತ್ಯೇಕ ಯಂತ್ರ, ಫೈಲು ಕೂಡಿಡಲು ನಾಲ್ಕು ಡಿಸ್ಕ್‌ನ ಎನ್‌ಎಎಸ್ ಪೆಟ್ಟಿಗೆ, ಮೂರು ಪರದೆ. ಯಾವ ಪೆನ್‌ಡ್ರೈವ್ ಬಂದರೂ ಮೊದಲು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೂಲಕವೇ ಹಾಯಬೇಕು.

ಪೆಂಗ್ವಿನ್‌ಪಡುವಣ
ಎನ್‌ಎಎಸ್‌ಗೆ ಯಾವ ಫೈಲ್ ಸಿಸ್ಟಮ್? ಜೆಡ್‌ಎಫ್‌ಎಸ್ ಆದರೆ ರ‍್ಯಾಮ್ ಎಷ್ಟು?

ಮೂರುಪರದೆ
ಜೆಡ್‌ಎಫ್‌ಎಸ್, 32 ಜಿಬಿ. ಚಿತ್ರ ಹಾಕುತ್ತೇನೆ.

ನಿರ್ವಾಹಕ
ದಯವಿಟ್ಟು ಬೇಡ.

ಅಚ್ಚುಮೊಳೆ
ಎರಡೂ ಯಂತ್ರಗಳಲ್ಲಿ ಡಬ್ಲ್ಯೂಸ್ಕ್ರಿಪ್ಟ್ ಕೂತಿತ್ತು. ಎಕ್ಸ್‌ಪಿಯಲ್ಲಿ ಒಂದಲ್ಲ, ಬೇರೆ ಬೇರೆ ಹೆಸರಿನ ಹಲವು ವಿಬಿಎಸ್ ಇದ್ದವು. ತೆಗೆದೆ. ಆಟ್ರಿಬ್ ಹೊಡೆದ ಮೇಲೆ ಗಿರಾಕಿಗಳ ಫೈಲುಗಳು ಕಾಣಿಸಿದವು, ಶಾರ್ಟ್‌ಕಟ್ ಮತ್ತೆ ಹುಟ್ಟಿಲ್ಲ. ಆದರೆ ಒಬ್ಬ ಮೇಷ್ಟ್ರ ಪೆನ್‌ಡ್ರೈವನ್ನು ನಾನು ಆಗಲೇ ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದೆ. ಶಾಲೆಯ ಅಂಕಪಟ್ಟಿ ಇತ್ತಂತೆ. ಅಂಗಡಿಯಲ್ಲೇ ಕೂತಿದ್ದಾರೆ.

ಬೆಸುಗೆಕಡ್ಡಿ
ಕ್ವಿಕ್ ಫಾರ್ಮ್ಯಾಟ್‌ಗೆ ಟಿಕ್ ಇತ್ತೇ? ಇದ್ದರೆ ಆಸೆ ಇದೆ, ಅದು ಪಟ್ಟಿಯನ್ನಷ್ಟೇ ಅಳಿಸುತ್ತದೆ. ಟಿಕ್ ತೆಗೆದು ವಿಂಡೋಸ್ 7ರಲ್ಲಿ ಪೂರ್ತಿ ಫಾರ್ಮ್ಯಾಟ್ ಮಾಡಿದ್ದರೆ ಎಲ್ಲ ಕಡೆ ಸೊನ್ನೆ ಬರೆದಿರುತ್ತದೆ, ಸಿಗುವುದಿಲ್ಲ. ಎಕ್ಸ್‌ಪಿಯಲ್ಲಿ ಮಾಡಿದ್ದರೆ ಪೂರ್ತಿ ಫಾರ್ಮ್ಯಾಟ್ ಕೂಡ ಸೊನ್ನೆ ಬರೆಯುವುದಿಲ್ಲ. ಯಾವ ಯಂತ್ರದಲ್ಲಿ ಮಾಡಿದಿರಿ? ಆ ಪೆನ್‌ಡ್ರೈವ್‌ಗೆ ಇನ್ನೇನೂ ತುಂಬಬೇಡಿ. ಅಳಿಸಿಹೋದ ಫೈಲುಗಳನ್ನು ಹುಡುಕಿ ತೆಗೆಯುವ ಫೋಟೋರೆಕ್ ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕ್‌ನಲ್ಲಿ ಉಳಿಸಿ. ಫೈಲಿನ ಹೆಸರುಗಳು ಬರುವುದಿಲ್ಲ, ಒಂದೊಂದಾಗಿ ತೆರೆದು ನೋಡಬೇಕು.

ಹಳೆಹುಲಿ95
ಮೇಷ್ಟ್ರ ಪೆನ್‌ಡ್ರೈವ್‌ನಲ್ಲಿ ಖಾಲಿ ಫೋಲ್ಡರ್ ಮಾಡಿಡುವುದನ್ನು ಮರೆಯಬೇಡಿ.

ಬೆಸುಗೆಕಡ್ಡಿ
ಸರ್, ಏನೂ ತುಂಬಬೇಡಿ ಎಂದು ಈಗಷ್ಟೇ ಬರೆದೆ.

ಅಚ್ಚುಮೊಳೆ
ಎಕ್ಸ್‌ಪಿಯಲ್ಲೇ ಮಾಡಿದ್ದು. ಫೋಟೋರೆಕ್ ಓಡುತ್ತಿದೆ. ಮೇಷ್ಟ್ರಿಗೆ ಟೀ ತರಿಸಿದ್ದೇನೆ.